ಗೊಣಗಜ್ಜಿಗೆ ಬೀಳ್ಕೊಡುಗೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿಯವರೇ, ಹೊಸ ಕಂಪ್ಯೂಟರ್ ಕೊಠಡಿಯ ಬಾಗಿಲನ್ನು ಈಗಷ್ಟೇ ತೆರೆದುಕೊಟ್ಟ ಅತಿಥಿಗಳೇ, ನನ್ನ ಅಕ್ಕನೊಡನೆ ವರ್ಷಗಟ್ಟಲೆ ವಾದ ಮಾಡಿಯೂ ಮಾತು ಬಿಡದ ಶಿಕ್ಷಕ ಶಿಕ್ಷಕಿಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಹುಡುಗಿಯರೇ, ಸಭಿಕರೇ,

ನಾನು ಭಾಷಣ ಮಾಡುವವಳಲ್ಲ, ಹೊಲಿಗೆಯವಳು. ಇಲ್ಲಿರುವ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಯ ಸಮವಸ್ತ್ರ ನನ್ನ ಅಂಗಡಿಯಲ್ಲೇ ಹೊಲಿದದ್ದು. ಯಾರಿಗೆ ಭುಜ ಬಿಗಿಯಾಗಿದೆ, ಯಾರು ಅಂಚು ಬಿಚ್ಚಿಸಿ ಉದ್ದ ಮಾಡಿಸಬೇಕು ಎಂಬುದು ಇಲ್ಲಿ ನಿಂತರೇ ಕಾಣುತ್ತಿದೆ. ಅದನ್ನು ಹೇಳಲು ನನ್ನನ್ನು ಕರೆದಿಲ್ಲ ಎಂಬುದೂ ಗೊತ್ತು. ಒಂದು ಪ್ರಶ್ನೆಗೆ ಉತ್ತರ ಹೇಳಲು ಕರೆದಿದ್ದಾರೆ. ಆ ಉತ್ತರವನ್ನು ಬರೆದುಕೊಂಡು ಬಂದಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ನನ್ನಿಂದಾಗುತ್ತಿಲ್ಲ. ಸ್ವಲ್ಪ ಸುತ್ತಿ ಹೋಗುತ್ತೇನೆ, ಸಹಿಸಿಕೊಳ್ಳಿ.

ಹೋದ ವಾರ ಮುಖ್ಯೋಪಾಧ್ಯಾಯಿನಿಯವರು ಅಂಗಡಿಗೆ ಬಂದಿದ್ದರು. ಅಳತೆ ಕೊಡಲು ಬಂದಿರಬೇಕೆಂದು ನಾನು ಟೇಪು ಎತ್ತಿಕೊಂಡೆ. ಅವರು ಸ್ಟೂಲಿನ ಮೇಲೆ ಕುಳಿತು, "ಅಳತೆ ಇರಲಿ ಬಿಡಿಮ್ಮ. ಹೊಸ ಕಂಪ್ಯೂಟರ್ ಬಂದಿದಾವೆ. ಹಳೇ ಗೊಣಗಜ್ಜಿ ಅದರಲ್ಲಿ ನಡೆಯೋದಿಲ್ವಂತೆ. ಏನ್ ಮಾಡೋಣ? ಅದು ನಿಮ್ಮಕ್ಕನದ್ದು, ನೀವು ಹೇಳಿದ ಹಾಗೆ ಆಗ್ಲಿ" ಎಂದರು.

ಅತಿಥಿಗಳಿಗೆ ಗೊಣಗಜ್ಜಿ ಯಾರೆಂದು ಗೊತ್ತಿರಲಿಕ್ಕಿಲ್ಲ. ಹುಡುಗಿಯರು ನಗುತ್ತಿದ್ದಾರೆ, ನೋಡಿ. ಅವರಿಗೆ ಗೊತ್ತು.

ನನ್ನ ಅಕ್ಕ ಈ ಶಾಲೆಯಲ್ಲಿ ಕಂಪ್ಯೂಟರ್ ಮಿಸ್ ಆಗಿದ್ದಳು. ಅವಳು ತೀರಿಕೊಂಡು ವರ್ಷವಾಗುತ್ತಾ ಬಂತು. ನಮ್ಮ ಮನೆಯಲ್ಲಿ ನಾವಿಬ್ಬರೇ. ಅವಳು ಓದಿದಳು, ನಾನು ಹೊಲಿದೆ. ಅಡುಗೆಮನೆಯ ಮೇಜಿನ ಒಂದು ಕಡೆ ಅವಳ ಕಂಪ್ಯೂಟರ್, ಇನ್ನೊಂದು ಕಡೆ ನನ್ನ ಗುಂಡಿಯ ಡಬ್ಬಿಗಳು. ತರಗತಿಯಲ್ಲಿ ಕಂಪ್ಯೂಟರಿನ ಯಾವ ಹೊಸ ಭಾಷೆ ಕಲಿಸುವುದಿದ್ದರೂ, ಯಾವ ಹೊಸ ಸಾಧನ ತರುವುದಿದ್ದರೂ ಅವಳು ಅದನ್ನು ಮೊದಲು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. "ಬಾರೆ ಇಲ್ಲಿ, ಸೂಜಿ ಕೆಳಗಿಡು" ಎನ್ನುತ್ತಿದ್ದಳು. ನಾನು ಕುಳಿತುಕೊಳ್ಳುತ್ತಿದ್ದೆ. ನಾನು ಎಲ್ಲಿ ಮುಖ ಕಿವುಚುತ್ತೇನೆ, ಎಲ್ಲಿ ಆಕಳಿಸುತ್ತೇನೆ, ಎಲ್ಲಿ ಎದ್ದುಹೋಗುತ್ತೇನೆ ಎಂದು ಅವಳು ನೋಡುತ್ತಿದ್ದಳು. ನಾನು ಎದ್ದುಹೋದರೆ ಆ ಪಾಠ ತರಗತಿಗೆ ಹೋಗುತ್ತಿರಲಿಲ್ಲ. "ನಿನಗೆ ತಿಳಿದರೆ ನನ್ನ ಕೊನೇ ಬೆಂಚಿಗೂ ತಿಳಿಯುತ್ತೆ ಕಣೆ" ಎನ್ನುತ್ತಿದ್ದಳು. ಇದು ಹೊಗಳಿಕೆಯೋ ಬೈಗುಳವೋ? ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮೊದಲು ಬೇಸಿಕ್ ಎಂಬ ಭಾಷೆ ಇತ್ತು. ಅದಕ್ಕಾಗಿ ಅಕ್ಕ ದೊಡ್ಡ ದೊಡ್ಡ ಹಾಳೆಗಳಲ್ಲಿ ಪ್ರೋಗ್ರಾಂಗಳನ್ನೂ ಬಣ್ಣದ ಚಿತ್ರಗಳನ್ನೂ ಬರೆದಳು. ರಜೆಯೆಲ್ಲ ಅದಕ್ಕೇ ಹೋಯಿತು. ಆಮೇಲೆ ಕಾಲೇಜುಗಳವರು ಸಿ ಭಾಷೆ ಬೇಕೆಂದರು. ಅಕ್ಕ ಆ ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ನನ್ನ ಮುಂದೆ ಹಾಕಿ, "ತಗೋ, ಕತ್ತರಿಸ್ಕೋ" ಎಂದಳು. ನಾನು ಬಟ್ಟೆ ಕತ್ತರಿಸಲು ಮಾದರಿ ಕಾಗದ ಮಾಡಿಕೊಂಡೆ. ಇವತ್ತಿಗೂ ನನ್ನ ಅಂಗಡಿಯಲ್ಲಿ ತೋಳಿನ ಮಾದರಿಯನ್ನು ತಿರುಗಿಸಿದರೆ ಹಿಂದೆ ಅರ್ಧ ಪ್ರೋಗ್ರಾಂ ಇರುತ್ತದೆ. ಈ ಹುಡುಗಿಯರು ತೊಟ್ಟಿರುವ ತೋಳುಗಳೆಲ್ಲ ಬೇಸಿಕ್ ಭಾಷೆಯಿಂದ ಬಂದವು ಎಂದರೂ ಸುಳ್ಳಲ್ಲ.

ಸಿ ಭಾಷೆಗೆ ನಾನು ಎದ್ದುಹೋದೆ. ಮರುದಿನ ಮತ್ತೆ ಕೂರಿಸಿದಳು, ಮತ್ತೆ ಎದ್ದೆ. ಅಕ್ಕ ಶಾಲೆಯ ಸಭೆಯಲ್ಲಿ, ಚಿಕ್ಕ ಮಕ್ಕಳಿಗೆ ಇದು ಬೇಡ ಎಂದಳಂತೆ. ಗಣಿತದ ಮೇಷ್ಟ್ರು ಇಲ್ಲೇ ವೇದಿಕೆಯ ಮೇಲಿದ್ದಾರೆ, ತಪ್ಪು ಹೇಳಿದರೆ ತಿದ್ದಲಿ. ಅವರು, "ಮೇಡಂ, ಕಷ್ಟಪಟ್ಟು ಕಲಿತದ್ದೇ ತಲೇಲಿ ನಿಲ್ಲೋದು" ಎಂದರಂತೆ. ಅದಕ್ಕೆ ಅಕ್ಕ, "ಹಾಗಾದ್ರೆ ಮೇಷ್ಟ್ರೆ, ನಾಳೆಯಿಂದ ನೀವು ಮನೆಗೆ ಹಿಮ್ಮುಖವಾಗಿ ನಡ್ಕೊಂಡು ಹೋಗಿ. ದಾರಿ ಚೆನ್ನಾಗಿ ನೆನಪಿರುತ್ತೆ" ಎಂದಳಂತೆ. ಮೇಷ್ಟ್ರು ನಗುತ್ತಿದ್ದಾರೆ. ಆಗ ನಕ್ಕಿರಲಿಲ್ಲವೆಂದು ಕೇಳಿದ್ದೇನೆ. ಆದರೆ ಅಕ್ಕ ಆಸ್ಪತ್ರೆಯಲ್ಲಿದ್ದಾಗ ಅವಳ ತರಗತಿಗಳನ್ನೆಲ್ಲ ತೆಗೆದುಕೊಂಡವರೂ ಅವರೇ.

ಆಮೇಲೆ ಬಣ್ಣದ ಇಟ್ಟಿಗೆಗಳನ್ನು ಜೋಡಿಸಿದಂತೆ ಪ್ರೋಗ್ರಾಂ ಮಾಡುವ ಸಾಧನ ಬಂತು. ಅದು ನನಗೆ ಇಷ್ಟವಾಯಿತು. ದೊಡ್ಡ ಹುಡುಗಿಯರಿಗೆ ಇಷ್ಟವಾಗಲಿಲ್ಲ, "ಮಿಸ್, ಇದು ಪಾಪುಗಳದ್ದು" ಎಂದರು. ಕೊನೆಗೆ ಪೈಥಾನ್ ಬಂತು. ಅಕ್ಕನಿಗೆ ಅದು ಒಪ್ಪಿಗೆಯಾಯಿತು. ಓದಿದರೆ ಮಾತಿನ ಹಾಗಿದೆ, ಕಡಿಮೆ ಬರೆದರೆ ಸಾಕು, ಮೊದಲ ದಿನವೇ ಏನಾದರೂ ಮಾಡಿ ತೋರಿಸಬಹುದು ಎಂದಳು. ನಾನೂ ಕುಳಿತೆ. ಎಲ್ಲ ಸರಿಯಾಗಿಯೇ ಇತ್ತು, ನಾನು ಒಂದು ತಪ್ಪು ಮಾಡುವವರೆಗೆ.

ತಪ್ಪು ಮಾಡಿದ ಕೂಡಲೇ ಕೆಂಪು ಅಕ್ಷರಗಳು ದಡದಡ ಇಳಿದವು. ಇಂಗ್ಲಿಷು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಏನನ್ನೋ ಕೆಡಿಸಿಬಿಟ್ಟೆ ಎನ್ನಿಸಿತು. "ಏನಾಯ್ತೇ?" ಎಂದಳು ಅಕ್ಕ. "ನಂಗೆ ಹೆದರಿಕೆ ಆಗುತ್ತೆ, ನಿನ್ನ ಕಂಪ್ಯೂಟರ್ ನೀನೇ ಇಟ್ಕೋ" ಎಂದೆ. ಮಕ್ಕಳು ಓಡಿಹೋಗುವುದು ಭಾಷೆಗೆ ಹೆದರಿ ಅಲ್ಲ, ಅದು ಬೈಯುವ ರೀತಿಗೆ ಹೆದರಿ ಎಂಬುದು ಅವಳಿಗೆ ಆವತ್ತು ಹೊಳೆಯಿತಂತೆ. ಹಾಗೆಂದು ಬೈಯದೆ ಇರುವುದಕ್ಕಂತೂ ಅವಳಿಂದ ಆಗುತ್ತಿರಲಿಲ್ಲ. ಅದು ಅವಳ ಜಾಯಮಾನವೇ ಅಲ್ಲ.

ಆ ಬೇಸಿಗೆ ರಜೆಯಲ್ಲಿ ಅವಳು ಪೈಥಾನ್ ಮೇಲೆ ಇನ್ನೊಂದು ಸಾಧನವನ್ನು ಕೂರಿಸಿದಳು. ಹುಡುಗಿಯರು ತಪ್ಪು ಮಾಡಿದರೆ ಕೆಂಪು ಇಂಗ್ಲಿಷಿನ ಬದಲು ಮನೆಯ ಮಾತು ಬರುತ್ತದೆ. ಯಾವ ಮನೆಯ ಮಾತು? ನಮ್ಮ ಮನೆಯದೇ. ಬೇರೆ ಎಲ್ಲಿಂದ ತರುತ್ತಾಳೆ?

ಆವರಣ, ಅಂದರೆ ಬ್ರಾಕೆಟ್ಟು, ತೆರೆದು ಮುಚ್ಚದೆ ಬಿಟ್ಟರೆ ಅದು ಹೇಳುತ್ತದೆ: "ತೆಗೆಯೋದು ಗೊತ್ತು, ಮುಚ್ಚೋದು ಗೊತ್ತಿಲ್ಲ. ಡಬ್ಬಿ ಮುಚ್ಚಳ ಎಲ್ಲಿ?" ಗುಂಡಿಯ ಡಬ್ಬಿಗಳನ್ನು ಮುಚ್ಚದೆ ಬಿಡುವವಳು ಯಾರು? ನಾನು. ಎಲ್ಲೂ ಹೇಳದ ಹೆಸರನ್ನು ನಡುವೆ ತಂದರೆ, "ಇದ್ಯಾರು? ನಂಗೆ ಪರಿಚಯಾನೇ ಮಾಡಿಸಿಲ್ವಲ್ಲ" ಎನ್ನುತ್ತದೆ. ಅಂಕಿಯನ್ನೂ ಅಕ್ಷರವನ್ನೂ ಕೂಡಿಸಿದರೆ, "ಸೊಂಟದ ಅಳತೆಗೆ ಗಿರಾಕಿ ಹೆಸರು ಕೂಡಿಸಿದ್ರೆ ಎಷ್ಟಾಗುತ್ತೆ? ನೀನೇ ಹೇಳು." ಎಲ್ಲಿ ನಿಲ್ಲಿಸಬೇಕೆಂದು ಹೇಳದೆ ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡಲು ಬಿಟ್ಟರೆ, "ಸಾಕು ಕಣೆ ಸುತ್ತಿದ್ದು, ನಂಗೆ ತಲೆ ತಿರುಗ್ತಿದೆ." ಸೊನ್ನೆಯಿಂದ ಭಾಗಿಸಿದರೆ, "ತಿನ್ನೋಕೆ ಯಾರೂ ಇಲ್ಲ, ಹಂಚು ಅಂತೀಯ. ಯಾರಿಗೆ ಹಂಚಲಿ?"

ಹುಡುಗಿಯರು ಅದಕ್ಕೆ ಗೊಣಗಜ್ಜಿ ಎಂದು ಹೆಸರಿಟ್ಟರು. ಬೇಕೆಂದೇ ತಪ್ಪು ಮಾಡಿ ಬೈಸಿಕೊಂಡು ನಗುತ್ತಿದ್ದರಂತೆ. ನಗುನಗುತ್ತಾ ಕಲಿತರು. ಹೊಸ ಮಿಸ್ ಕೂಡ ಹಾಗೆ ಕಲಿತವರೇ. ಈ ಶಾಲೆಯ ವಿದ್ಯಾರ್ಥಿನಿ, ನನ್ನ ಅಕ್ಕನ ಕೊನೇ ಬೆಂಚಿನವರು. ಈಗ ಅಕ್ಕನ ಜಾಗದಲ್ಲಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಅಕ್ಕನ ಜೊತೆ ಜಗಳವಾಡಿದ್ದೆ. "ಇಷ್ಟೆಲ್ಲ ಬೈತೀಯ, ಸರಿಯಾಗಿ ಮಾಡಿದಾಗ ಒಂದು ಭೇಷ್ ಅನ್ನೋಕೆ ಏನು ಕಷ್ಟ? ಅದೊಂದನ್ನೂ ಬರಿ" ಎಂದೆ. ಅವಳು ತಲೆ ಕೂಡ ಎತ್ತಲಿಲ್ಲ. "ಸರಿ ಇದ್ದಾಗ ಹೇಳೋಕೇನಿದೆ? ನಾನು ಸುಮ್ಮನಿದ್ರೆ ಸರಿ ಇದೆ ಅಂತ ತಿಳ್ಕೊ" ಎಂದಳು. ಗೊಣಗಜ್ಜಿಯೂ ಹಾಗೇ. ಎಲ್ಲ ಸರಿಯಾಗಿದ್ದರೆ ಕೆಲಸ ಮಾಡಿ ತೋರಿಸಿ ಸುಮ್ಮನಾಗುತ್ತದೆ. ಮನೆಯಲ್ಲೂ ಅವಳು ಹಾಗೇ ಇದ್ದಳು. ಸಾರಿಗೆ ಉಪ್ಪು ಹೆಚ್ಚಾದರೆ ಗೊತ್ತಾಗುತ್ತಿತ್ತು. ಸರಿಯಾಗಿದ್ದರೆ ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು.

ಸ್ವಲ್ಪ ನೀರು ಕುಡಿಯುತ್ತೇನೆ.

ಅಕ್ಕ ಹೋದ ಮೇಲೆ ಅವಳ ಮೇಜಿನ ಕಂಪ್ಯೂಟರನ್ನು ಶಾಲೆಗೆ ಹಿಂದಿರುಗಿಸಬೇಕಿತ್ತು. ಅದು ಶಾಲೆಯದು. ಇನ್ನೂ ಕೊಟ್ಟಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ಅದರ ಮುಂದೆ ಕುಳಿತುಕೊಳ್ಳುತ್ತಿದ್ದೆ. ಪ್ರೋಗ್ರಾಂ ಕಲಿಯಲಿಕ್ಕೆ ಅಂತಲ್ಲ. ಮನೆಯಲ್ಲಿ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಆವರಣ ತೆರೆದು ಬಿಡುತ್ತಿದ್ದೆ. "ಡಬ್ಬಿ ಮುಚ್ಚಳ ಎಲ್ಲಿ?" ಎನ್ನುತ್ತಿತ್ತು. ಎದ್ದು ಹೋಗಿ ಡಬ್ಬಿ ಮುಚ್ಚಿ ಬರುತ್ತಿದ್ದೆ. ಸೊನ್ನೆಯಿಂದ ಭಾಗಿಸುವುದನ್ನು ಮಾತ್ರ ಒಂದು ಸಲ ಮಾಡಿದವಳು ಮತ್ತೆ ಮಾಡಲಿಲ್ಲ. "ತಿನ್ನೋಕೆ ಯಾರೂ ಇಲ್ಲ" ಎಂಬ ಆ ಮಾತು ಓದಲಾಗಲಿಲ್ಲ.

ತಪ್ಪು ಮಾಡಬೇಕಾದರೂ ಏನಾದರೂ ಬರೆಯಬೇಕಲ್ಲ? ಹಾಗೆ ಬರೆಯುತ್ತಾ ಬರೆಯುತ್ತಾ ನನಗೆ ಅಷ್ಟಿಷ್ಟು ಬಂತು. ಅಳತೆ ಕೊಟ್ಟರೆ ತೋಳಿನ ಮಾದರಿಯನ್ನು ಪರದೆಯ ಮೇಲೆ ಬಿಡಿಸುವ ಒಂದು ಪ್ರೋಗ್ರಾಂ ಕಟ್ಟಿದೆ. ಕಟ್ಟಿ, ಕೊನೆಯ ಒಂದು ಆವರಣ ಹಾಗೇ ತೆರೆದಿಟ್ಟಿದ್ದೆ. ದಿನಾ ಪ್ರೋಗ್ರಾಂ ಓಡಿಸುವುದು, ಬೈಸಿಕೊಳ್ಳುವುದು, ಮಲಗುವುದು.

ಮುಖ್ಯೋಪಾಧ್ಯಾಯಿನಿಯವರು ಬಂದುಹೋದ ಮಾರನೆಯ ದಿನ ಹೊಸ ಮಿಸ್ ಮನೆಗೆ ಬಂದರು. ಪಾಪ, ಕಣ್ಣ ಸುತ್ತ ಕಪ್ಪಾಗಿತ್ತು. ಗೊಣಗಜ್ಜಿಯನ್ನು ಹೊಸ ಯಂತ್ರದಲ್ಲಿ ನಡೆಸಲು ಎಷ್ಟು ಒದ್ದಾಡಿದರೂ ಆಗಲಿಲ್ಲವಂತೆ. "ಚಿಕ್ಕಮ್ಮ, ಎರಡು ದಾರಿ ಇದೆ" ಎಂದರು. "ಹಳೇ ಯಂತ್ರ ಒಂದು ಸಾಲು ಉಳಿಸ್ಕೊಬಹುದು. ಇಲ್ಲಾಂದ್ರೆ ಹೊಸ ಸಾಧನದಲ್ಲಿ ಮಿಸ್ ಬರೆದ ಮಾತುಗಳನ್ನೇ ಒಂದೂ ಬಿಡದೆ ನಾನು ಮತ್ತೆ ಸೇರಿಸ್ತೀನಿ. ನೀವು ಹ್ಞೂಂ ಅಂದ್ರೆ ಸಾಕು." ಇದೇ ನಾನು ಉತ್ತರ ಹೇಳಬೇಕಾದ ಪ್ರಶ್ನೆ.

ನಾನು ಒಳಗೆ ಟೀ ಮಾಡಲು ಹೋದೆ. ಬರುವಷ್ಟರಲ್ಲಿ ಅವರು ಪರದೆಯ ಮುಂದೆ ಕುಳಿತಿದ್ದರು. "ಇದು ನೀವು ಬರೆದದ್ದಾ? ಎಷ್ಟು ಚೆನ್ನಾಗಿದೆ! ಇದೊಂದು ಆವರಣ ಬಿಟ್ಟುಹೋಗಿದೆ ನೋಡಿ" ಎಂದು, ನಾನು ಬೇಡ ಎನ್ನುವ ಮೊದಲೇ ಮುಚ್ಚಿ, ಓಡಿಸಿಬಿಟ್ಟರು.

ತೋಳು ಬಂತು. ಭುಜದ ಬಾಗು, ಕಂಕುಳ ಹತ್ತಿರ ಒಳಕ್ಕೆ ಹೋಗುವ ಗೆರೆ, ಮಣಿಕಟ್ಟಿನ ಅಗಲ, ಎಲ್ಲ ನಾನು ಕೈಯಲ್ಲಿ ಕತ್ತರಿಸಿದಂತೆಯೇ. ಗೊಣಗಜ್ಜಿ ಏನೂ ಹೇಳಲಿಲ್ಲ. ನಾನು ಟೀ ಲೋಟ ಹಿಡಿದು ನಿಂತೇ ಇದ್ದೆ. ಹೊಸ ಮಿಸ್ ನನ್ನ ಮುಖ ನೋಡಿದರು. ಎದ್ದು ನನ್ನ ಕೈಯಿಂದ ಲೋಟ ತೆಗೆದುಕೊಂಡರು.

ಆವತ್ತಿನಿಂದ ಯೋಚಿಸಿದೆ. ಅಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದಳು? ಬೇಸಿಕ್ ಹಾಳೆಗಳನ್ನು ಯಾರಾದರೂ ಗಾಜಿನ ಚೌಕಟ್ಟು ಹಾಕಿ ಇಡೋಣ ಎಂದಿದ್ದರೆ ಒಪ್ಪುತ್ತಿದ್ದಳೇ? ಮಕ್ಕಳಿಗೆ ಬೇಡವಾದದ್ದನ್ನು ಅವಳು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡವಳಲ್ಲ, ತಾನೇ ಹಗಲು ರಾತ್ರಿ ಕೂತು ಮಾಡಿದ್ದಾದರೂ ಸರಿ. ಇನ್ನು ಮುಂದೆ ಬರುವ ಹುಡುಗಿಯರು ಅವಳನ್ನು ನೋಡಿಲ್ಲ. ನನ್ನ ಗುಂಡಿಯ ಡಬ್ಬಿ ಅವರಿಗೆ ಏನು ಗೊತ್ತು? ಆ ಬೈಗುಳಗಳೆಲ್ಲ ನನ್ನವು. ಇಷ್ಟು ವರ್ಷ ಈ ಶಾಲೆಗೆ ಎರವಲು ಕೊಟ್ಟಿದ್ದೆ ಎಂದುಕೊಳ್ಳಿ.

ಆದ್ದರಿಂದ ಉತ್ತರ ಹೇಳುತ್ತೇನೆ. ಹಳೆಯ ಯಂತ್ರಗಳ ಸಾಲು ಬೇಡ, ಅವನ್ನೆಲ್ಲ ತೆಗೆಯಿರಿ. ಅಕ್ಕನ ಮಾತುಗಳನ್ನು ಹೊಸದರಲ್ಲಿ ಸೇರಿಸುವುದೂ ಬೇಡ. ಹೊಸ ಮಿಸ್, ನೀವು ನಿಮ್ಮ ಮಾತಿನಲ್ಲೇ ಬರೆಯಿರಿ. ನಿಮ್ಮ ಮನೆಯಲ್ಲೂ ಯಾರಾದರೂ ಯಾರನ್ನಾದರೂ ಪ್ರೀತಿಯಿಂದ ಬೈಯುತ್ತಿರುತ್ತಾರಲ್ಲ, ಅಲ್ಲಿಂದ ತನ್ನಿ. ಬರೆದು ಮೊದಲು ನನ್ನ ಹತ್ತಿರ ತನ್ನಿ. ಅಂಗಡಿ ಮುಚ್ಚಿದ ಮೇಲೆ ಬನ್ನಿ, ಕುಳಿತುಕೊಳ್ಳುತ್ತೇನೆ. ನಾನು ಎದ್ದುಹೋದರೆ ಮತ್ತೆ ಬರೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬಾರದು.

ಅಕ್ಕನ ಆ ಒಂದು ಕಂಪ್ಯೂಟರ್ ಮಾತ್ರ ನನ್ನ ಹತ್ತಿರ ಇರಲಿ, ಮುಖ್ಯೋಪಾಧ್ಯಾಯಿನಿಯವರೇ. ಅದನ್ನು ವಾಪಸು ಕೇಳಬೇಡಿ. ತೋಳಿನ ಪ್ರೋಗ್ರಾಂ ಈಗ ಅಂಗಡಿ ಕೆಲಸಕ್ಕೇ ಬರುತ್ತಿದೆ. ಆ ಆವರಣವನ್ನು ನಾನು ಮತ್ತೆ ತೆರೆದಿಲ್ಲ. ಸಂಜೆ ಅಳತೆ ಕೊಡುತ್ತೇನೆ, ಗೆರೆ ಬರುತ್ತದೆ. ಮನೆ ಸುಮ್ಮನಿರುತ್ತದೆ. ಮೊದಲೆಲ್ಲ ಆ ಸುಮ್ಮನೆ ಇರುವುದನ್ನು ತಡೆಯಲಾಗುತ್ತಿರಲಿಲ್ಲ. ಈಗ ಅಕ್ಕ ಹೇಳಿದಂತೆ, ಸುಮ್ಮನಿದ್ದರೆ ಸರಿ ಇದೆ ಎಂದು ತಿಳಿದುಕೊಳ್ಳಲು ನೋಡುತ್ತಿದ್ದೇನೆ.

ಕರೆದು ಮಾತಾಡಿಸಿದಿರಿ, ಇಷ್ಟು ಹೊತ್ತು ಗೊಣಗದೆ ಕೇಳಿದಿರಿ. ನಿಮಗೆಲ್ಲ ನನ್ನ ಕೃತಜ್ಞತೆ. ಗೋಡೆಗೆ ಒರಗಿ ನಿಂತ ಹುಡುಗಿಯರೇ, ಅಂಚು ಬಿಚ್ಚಿಸಿಕೊಳ್ಳಲು ಈ ವಾರ ಬನ್ನಿ. ನಮಸ್ಕಾರ.