ಬೆರಳಿನ ಬೆನ್ನಲ್ಲಿ ಹೇಳಿದ ಹೆಸರು

ಹೆಸರು: ಬೊಳ್ಳಮ್ಮ. ಗಂಡನ ಹೆಸರು: ಕುಶಾಲಪ್ಪ. ವಯಸ್ಸು: 20 ವರ್ಷ. ಉದ್ಯೋಗ: ಗೃಹಕೃತ್ಯ. ವಾಸ: ಹೊಳೆಕರೆ ಎಸ್ಟೇಟ್, ಸಿದ್ದಾಪುರದ ಹತ್ತಿರ, ಕೊಡಗು ರಾಜ್ಯ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನನಗೆ ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕಳೆದ ಶುಕ್ರವಾರ ತವರಿನಿಂದ ಎಸ್ಟೇಟಿಗೆ ಬಂದೆ. ನನಗೆ ಇಲ್ಲಿ ಎಲ್ಲವೂ ಇಷ್ಟವಾಯಿತು. ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಲೈನಿನವರ ಕೈಮಾತು. ಕೂಲಿಯವರ ಲೈನ್ ಮನೆಗಳಲ್ಲಿ ಹುಟ್ಟು ಕಿವುಡರು ಹೆಚ್ಚು. ಆದ್ದರಿಂದ ಕಿವಿ ಕೇಳುವವರೂ ಅಲ್ಲಿ ಕೈಯಲ್ಲೇ ಮಾತನಾಡುತ್ತಾರೆ, ಬೈಯುತ್ತಾರೆ, ತಮಾಷೆ ಮಾಡುತ್ತಾರೆ. ನಮ್ಮ ಮನೆಗೆಲಸದ ಗಂಗೆಗೆ ಕಿವಿ ಕೇಳುತ್ತದೆ. ಅವಳು ನನಗೆ ಅನ್ನ, ನೀರು, ಬಾ, ಹೋಗು ಎಂಬುದನ್ನೆಲ್ಲ ಕಲಿಸಿದಳು. ಪ್ರತಿಯೊಬ್ಬರಿಗೂ ಕೈಯಲ್ಲೊಂದು ಹೆಸರಿದೆ. ನಾನು ಸದಾ ನಗುತ್ತೇನೆಂದು ಗಲ್ಲದ ಹತ್ತಿರ ಬೆರಳು ಅರಳಿಸಿ ನನಗೊಂದು ಹೆಸರು ಕೊಟ್ಟರು. ನಾನು ಅಂಗಳದಲ್ಲೇ ಕುಣಿದುಬಿಟ್ಟೆ. ನನ್ನ ಪತಿಯವರು, ಬಾಯಿ ಸಾಲದೂಂತ ಈಗ ಕೈಲೂ ಮಾತಾ ನಿಂಗೆ, ಎಂದು ಗೇಲಿ ಮಾಡಿದರು.

ಗಂಗೆಯ ತಂಗಿ ಸೋಮಿ ಕಿವುಡಿ. ಅವಳ ಗಂಡ ನಿಂಗನೂ ಕಿವುಡ. ನಾನು ಬರುವ ಮೊದಲೇ ಸೋಮಿ ಗಂಡನೊಂದಿಗೆ ಮುನಿಸಿಕೊಂಡು ಹೋಗಿದ್ದಳು. ನಾಪೋಕ್ಲಿನ ನೆಂಟರ ಮನೆಯಲ್ಲಿದ್ದಾಳೆಂದು ಎಲ್ಲರೂ ತಿಳಿದಿದ್ದರು. ನಾನು ಅವಳನ್ನು ಎಂದೂ ನೋಡಿರಲಿಲ್ಲ.

ನಿನ್ನೆ ಮಂಗಳವಾರ ಸಂಜೆ ಸುಮಾರು ಐದೂವರೆಗೆ ನಾನು ಒಬ್ಬಳೇ ಹೊಳೆಯ ಕಡೆಗೆ ಹೋದೆ. ಆಚೆ ದಡದಲ್ಲಿ, ಸುಮಾರು ಅರವತ್ತು ಅಡಿ ದೂರದಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ನಾನು ಉತ್ಸಾಹದಿಂದ ಕೈಯಲ್ಲಿ ನನ್ನ ಹೆಸರು ಹೇಳಿದೆ. ಆಕೆ ಬೆರಳುಗಳ ಬೆನ್ನಿನಿಂದ ಕಿವಿಯಿಂದ ಕೆನ್ನೆಯವರೆಗೆ ಸವರಿಕೊಂಡು ತನ್ನ ಹೆಸರು ಹೇಳಿದಳು. ಆಮೇಲೆ ನನಗೆ ತಿಳಿಯದ ಕೆಲವು ಮಾತು ಹೇಳಿದಳು. ನಾನು ಒಂದೊಂದನ್ನೂ ಅನುಕರಿಸಿದೆ. ತಪ್ಪಿದಾಗ ಆಕೆ ಮತ್ತೆ ನಿಧಾನವಾಗಿ ತೋರಿಸಿದಳು. ಎಂಥ ಒಳ್ಳೆಯ ಟೀಚರ್ ಎಂದುಕೊಂಡೆ. ಆಕೆಯ ಕಾಲ ಬುಡದಲ್ಲೇ ಒಂದು ಕೊಕ್ಕರೆ ಮೀನಿಗೆ ಕಾಯುತ್ತಿತ್ತು. ಆಕೆ ಅಷ್ಟು ಕೈಬೀಸಿದರೂ ಅದು ಕತ್ತು ಎತ್ತಲಿಲ್ಲ.

ನಾನು ಓಡಿಕೊಂಡೇ ಲೈನಿಗೆ ಬಂದೆ. ನಿಂಗನೂ ಸೇರಿ ಎಲ್ಲರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಹೊಳೆಯಾಚೆ ನಿಮ್ಮವಳೊಬ್ಬಳು ಸಿಕ್ಕಿದ್ದಳು, ಎಷ್ಟು ಚೆಂದ ಕಲಿಸಿದಳು ನೋಡಿ, ಎಂದು ಗಂಗೆಗೆ ಹೇಳಿ ಎಲ್ಲವನ್ನೂ ಮಾಡಿ ತೋರಿಸಿದೆ. ಅಷ್ಟೂ ಜನರ ಕೈಗಳು ನಿಂತುಹೋದವು. ಗಂಗೆ ನನ್ನ ಕೈ ಹಿಡಿದು ಅಂಗೈ ಕೆನ್ನೆಗೆ ತಾಗುವಂತೆ ತಿರುಗಿಸಿ, ಹಿಂಗಲ್ವಾ ಅಮ್ಮಾವ್ರೆ, ಸರಿಯಾಗಿ ನೆಪ್ಪು ಮಾಡ್ಕಳಿ, ಹಿಂಗೇ ಅಲ್ವಾ, ಎಂದು ಬೇಡುವವಳಂತೆ ಕೇಳಿದಳು. ನಾನು ನಗುತ್ತಲೇ, ಅಲ್ಲವೇ ಅಲ್ಲ, ಬೆರಳಿನ ಬೆನ್ನಿನಲ್ಲೇ, ಎಂದೆ.

ಬದುಕಿರುವವರ ಹೆಸರನ್ನು ಅಂಗೈಯ ಕಡೆಯಿಂದ, ಸತ್ತವರ ಹೆಸರನ್ನು ಬೆರಳಿನ ಬೆನ್ನಿನಿಂದ ಹೇಳುವುದು ಅವರ ಪದ್ಧತಿ ಎಂದು ಗಂಗೆ ಆಗ ತಿಳಿಸಿದಳು. ಆ ಹೆಸರು ಸೋಮಿಯದು. ಉಳಿದ ಮಾತುಗಳ ಅರ್ಥ: ಬಟ್ಟೆ ಒಗೆಯುವ ಬಂಡೆ, ಕಾಲು ಜಾರಿತು, ಕೆಳಗಿನ ಎರಡು ಕಲ್ಲಿನ ನಡುವೆ.

ಗಂಗೆ ಹೇಳಿ ಮುಗಿಸುವಷ್ಟರಲ್ಲಿ ನಿಂಗ ಎದ್ದು ಹೋಗಿದ್ದ. ನಾವು ಹಿಂದೆಯೇ ಹೋದೆವು. ಅವನು ಎದೆಮಟ್ಟದ ನೀರಿಗಿಳಿದು, ಎಲ್ಲಿಯೂ ಹುಡುಕದೆ, ಆ ಎರಡು ಕಲ್ಲಿನ ನಡುವೆಯೇ ಕೈ ಹಾಕಿದ. ಶವ ಅಲ್ಲಿತ್ತು.

ಜಾಗ ಅಷ್ಟು ನೇರವಾಗಿ ಗೊತ್ತಿದ್ದದ್ದು ಹೇಗೆ ಎಂಬ ಸಂಶಯದ ಮೇಲೆ ಇಂದು ಬೆಳಿಗ್ಗೆ ನಿಂಗನನ್ನು ಈ ಪೊಲೀಸ್ ಠಾಣೆಗೆ ಹಿಡಿದು ತರಲಾಗಿದೆ. ಅವನಿಗೆ ಆ ಜಾಗ ಗೊತ್ತು ಮಾಡಿದವಳು ನಾನು. ಗಾಳಿ ಹಿಡಿದ ಮದುಮಗಳೂಂತ ಊರೆಲ್ಲ ಆಡಿಕೊಳ್ತದೆ, ಬೇಡ ಬೊಳ್ಳೂ, ಎಂದು ಪತಿಯವರು ತಡೆದರು. ಆದರೂ ಬಂದಿದ್ದೇನೆ. ನನ್ನನ್ನು ನಂಬದಿದ್ದರೂ, ಅರ್ಥ ತಿಳಿಯದ ಮಾತನ್ನು ನಾನು ಕಟ್ಟಿ ಹೇಳಲಾರೆ ಎಂಬುದನ್ನಾದರೂ ಸಾಹೇಬರು ನಂಬಬೇಕು.

ಇದನ್ನು ಬರೆಸುತ್ತಿರುವಾಗ, ರಸ್ತೆಯಾಚೆ ಕುಳಿತ ಲೈನಿನವರು ಲಾಕಪ್ಪಿನ ಕಿಟಕಿಯನ್ನೇ ನೋಡುತ್ತಿರುವುದನ್ನು ಕಂಡು ನಾನು ಠಾಣೆಯ ಜಗಲಿಗೆ ಹೋದೆ. ನಿಂಗ ಸರಳಿನ ಹಿಂದೆ ನಿಂತು, ಹುಬ್ಬಿನ ಗಾಯದ ಗುರುತಿನ ಮೇಲೆ ಬೆರಳು ಎಳೆದು ತನ್ನ ಹೆಸರನ್ನು ಹೇಳುತ್ತಿದ್ದ. ಬೆರಳಿನ ಬೆನ್ನಿನಿಂದ ಹೇಳುತ್ತಿದ್ದ. ಗಂಗೆ ರಸ್ತೆಯಲ್ಲೇ ಅಂಗೈ ತೋರಿಸಿ ತೋರಿಸಿ, ಹಿಂಗೆ ಹೇಳೋ, ಹಿಂಗೆ ಹೇಳು ನಿಂಗಾ, ಎಂದು ಅವನಿಗೆ ಕೇಳದ ಬಾಯಿಮಾತಿನಲ್ಲೂ ಕೂಗುತ್ತಿದ್ದಳು. ಕಾನ್‌ಸ್ಟೇಬಲರು, ಅವ ನೆಂಟರ ಹತ್ರ ಮಾತಾಡ್ತಾನಮ್ಮ, ಆಡ್ಲಿ ಬಿಡಿ, ಎಂದರು. ಈಗ ಕಿಟಕಿಯಲ್ಲಿ ಅವನು ಇಲ್ಲ. ಅವನ ಮೈಮೇಲೆ ಪಂಚೆಯೂ ತಲೆವಸ್ತ್ರವೂ ಇವೆ, ಕುತ್ತಿಗೆಗೆ ಬಿಗಿದುಕೊಳ್ಳಲು ಒಂದು ಸಾಕು. ನನ್ನ ಹೇಳಿಕೆ ಮುಗಿಯದೆ ಬೀಗ ತೆಗೆಯುವಂತಿಲ್ಲ ಎನ್ನುತ್ತಾರೆ. ಆದ್ದರಿಂದ ಇಲ್ಲಿಗೆ ಮುಗಿಸುತ್ತೇನೆ.

ಮೇಲೆ ಹೇಳಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ನಿಜ. ಓದಿಸಿ ಕೇಳಲು ಕಾಯದೆ ಸಹಿ ಮಾಡಿದ್ದೇನೆ. ದಯವಿಟ್ಟು ಬೀಗ ತೆಗೆಯಿರಿ.

ಸ್ಥಳ: ಠಾಣೆಯ ಜಗಲಿ
ದಿನಾಂಕ: 16–12–1953
ಸಹಿ: ಬೊಳ್ಳಮ್ಮ ಕುಶಾಲಪ್ಪ