ಹಬ್ಬದ ಖಿಚಡಾಕ್ಕೆ ಉಪ್ಪು

೧೯೦೮ರ ರಂಜಾನ್ ಹಬ್ಬದ ಬೆಳಗ್ಗೆ ಇಳಕಲ್ಲಿನ ಬಾವಿಯ ಹತ್ತಿರ ನೀರಿಗೆ ಕಾದಿದ್ದೆ. ನನ್ನ ಮುಂದೆ ಇಬ್ಬರು ನೆಗೆಣ್ಣಿಯರು. ಕಿರಿಯವಳು ನಿಂತಲ್ಲಿ ನಿಲ್ಲಲೊಲ್ಲಳು.

“ಆಪಾ, ನಾಷ್ಟಾದ ಗೋದಿ-ಮಾಂಸದ ಖಿಚಡಾಕ್ಕ ಉಪ್ಪು ಹಾಕೇನೋ ಇಲ್ಲೋ, ನೆನಪಾಗವಲ್ದು.”

“ನಿನ್ನೆ ರುಚಿ ನೋಡಲಿಲ್ಲೇನು?”

“ಹಗಲು ರೋಜಾದ ಉಪವಾಸ ಇದ್ದೆ, ಹೆಂಗ ನೋಡ್ಲಿ?”

“ಈಗ ತೆಗದು ನೋಡು.”

“ಮುಚ್ಚಳಕ್ಕ ಕಣಕ ಮೆತ್ತಿ, ಮ್ಯಾಲೆ ಕೆಳಗ ಕೆಂಡ ಹಾಕೇನಿ. ಗಂಡಸರು ನಮಾಜ್ ಮುಗಿಸಿ ಬರೋತನಕ ತೆಗೀಬ್ಯಾಡ ಅಂದಾರ ಅತ್ತಿ.”

“ಸುಮ್ನಿರು ಗುಲಾಬಬಿ. ನೀ ಮರತೀದಿ ಅಂತ ನಾನ ಒಂದು ಹಿಡಿ ಹಾಕೇನಿ.”

“ಯಾವಾಗ?”

“ನೀ ಮಸಾಲಿ ಅರಿಯಾಕ ಕುಂತಾಗ.”

“ಅಯ್ಯ! ಈಗ ನೆನಪಾತು. ಉಪ್ಪು ಮಸಾಲಿ ಜೋಡಿನ ಅರದೇನಿ.”

ಓಣಿಯ ಆ ತುದಿಯಲ್ಲಿ ಗಂಡಸರ ದನಿ ಕೇಳಿಸಿತು.

ಹಿರಿಯವಳು ಹಗ್ಗವನ್ನು ಅವಳ ಕೈಗಿಟ್ಟಳು. “ಇನ್ನೊಂದು ಕೊಡ ಸೇದು. ಇವತ್ತು ನೀರು ಭಾಳ ಬೇಕಾಗ್ತದ.”

ತುಂಬಿದ ಕೊಡ ಹೊತ್ತು ಇಬ್ಬರೂ ಮನೆಯತ್ತ ಓಡಿದರು.