ದೊರೆಸಾನಿ ಬಿಟ್ಟುಹೋದ ಪುಸ್ತಕ

ಬ್ಯಾಡ ಯಕ್ಕಾ, ಒಳಗ ಹೋಗಬ್ಯಾಡ! ಮಲಗ್ಯಾಳ ಅಂದೆನಲ್ಲ. ನಿನ್ನ ಮಗಳು ಎಲ್ಲಿ ಓಡಿಹೋಗ್ತಾಳ? ಕುಂದ್ರು. ತುರ್ವಿಹಾಳದಿಂದ ಈ ಬಿಸಲಾಗ ಬಂಡಿ ಹೂಡಿಕೊಂಡು ಬಂದೀದಿ, ಮದಲ ಒಂದು ತಂಬಗಿ ನೀರು ಕುಡಿ... ಬ್ಯಾಡಾ? ತಮ್ಮನ ಮನಿ ನೀರೂ ಬ್ಯಾಡಾಯ್ತಾ!

ಯಾರು ಸುದ್ದಿ ಮುಟ್ಟಿಸಿದ್ರು? ಗ್ವಾಡಿ ಆಚಿಕಿನ ಸುಭಾನಬಿ, ಹೌದಿಲ್ಲ? "ಚಪರಾಸಿ ಅಂಬಪ್ಪ ಹೇಂತಿನ್ನ ದನಕ್ಕ ಬಡದಂಗ ಬಡೀತಾನ, ಬಂದು ಕರ್ಕೊಂಡು ಹೋಗು" ಅಂತ ಮೊನ್ನಿ ಹೇಳಿ ಕಳಿಸ್ಯಾಳ. ಹೂಂ, ಬಡದೀನಿ. ಯಾವ ಗಂಡಸು ಬಡದಿಲ್ಲ? ಗಂಡ ಹೇಂತಿ ಜಗಳ ಉಂಡು ಮಲಗೋತನ ಅಂತ ನೀನಾ ಹೇಳಾಕಿ. ಪೀರಮ್ಮನ್ನ ಹೊರಗಿನವರಿಗೆ ಯಾಕ, ತಮ್ಮಗಾ ಕೊಡ್ತೀನಿ ಅಂತ ನೀನಾ ಕೊಟ್ಟಿ. ಸಣ್ಣಾಕಿದ್ದಾಗ ಹೆಗಲ ಮ್ಯಾಲೆ ಹೊತ್ತು ಆಡಿಸಿದಾವ ನಾನು. ನನಗಿಂತ ಯಾರಿಗೈತಿ ಅಕಿ ಮ್ಯಾಲೆ ಜೀವ? ಹಂಗ ನೋಡಬ್ಯಾಡ.

ಕೈಗೇನಾಗೇತಿ ಅಂತೀಯೇನು? ಏ, ಇದು ಕುಂಕುಮ... ಆತು, ರಕ್ತಾನಾ. ಬಳಿ ಒಡದು ಚುಚ್ಚೇತಿ. ತಟಗು, ಒಂದೀಟಾ.

ಅದು ಬಿಡು, ಈ ಪುಸ್ತಕ ನೋಡು. ಗುರುತು ಸಿಕ್ತಾ? ನೀ ಆಯಾ ಇದ್ದಿಯಲ್ಲ, ಅದಾ ದೊರಿ ಬಂಗ್ಲಿ ಸಾಮಾನು ಇಲ್ಲೇ ಲಿಂಗಸುಗೂರಾಗ ಹರಾಜಾದಾಗ ಹಿಡದೆ. ದೊರೆಸಾನಿಯ ಅಜ್ಜಿ ಕಾಲದ್ದಂತ. ಪಾನದ, ಹಾಳಿ ಹಾಳಿಯ ಅಂಚಿಗೆಲ್ಲ ಬಂಗಾರದ ನೀರು! ಫ್ರಾನ್ಸೀಸಿ ಭಾಷಾ. ದೊಡ್ಡೋರ ನಾಟಕಗಳನ್ನ ಸಣ್ಣ ಹುಡುಗ್ರಿಗಂತ ಕಥಿ ಮಾಡಿ ಬರದಾರ. ಇಂಥಾದ್ದು ನಿಜಾಮರ ರಾಜ್ಯದಾಗ ಇನ್ನೊಂದಿಲ್ಲ ಅಂದ ಹರಾಜಿನಾವ.

ಆ ಅಕ್ಷರ ನನಗ ಬರಂಗಿಲ್ಲ, ಖರೆ. ಚಿತ್ರ ಅದಾವಲ್ಲ! ನಾ ಏನು ಹೆಬ್ಬಟ್ಟಿನಾವಲ್ಲ, ಮೌಲ್ವಿಸಾಬ್ರ ಕಡೆ ಚೌಥಿ ಜಮಾತ್ ತನಕ ಉರ್ದು ಕಲ್ತಾವ. ಪುಸ್ತಕ ಬಲಗಡಿಯಿಂದ ತೆಗೀಬೇಕು. ಒಮ್ಮೆ ಎಡಗಡಿಯಿಂದ ತೆಗದಿದ್ದಕ್ಕ ಗೆಣ್ಣು ಒಡಿಯಂಗ ಬೆತ್ತದಲೆ ಕೊಟ್ಟಿದ್ರು, ಮರೀತೀನೇನು? ನೋಡು, ಹಿಂಗ ತೆಗದ್ರ ಮೊದಲನೇ ಚಿತ್ರ. ರಾಣಿ ಸತ್ತು ಬಿದ್ದಾಳ, ಎದಿ ತುಂಬ ರಕ್ತ. ಮುಂದಿಂದು, ರಾಜ ಕತ್ತಿ ಹಿರದಾನ, ರಾಣಿ ಎದ್ದು ಕುಂತಾಳ. ಎದ್ದಾಳ ಯಕ್ಕಾ! ಆಮ್ಯಾಲ ಜಡಿ ಹಿಡದು ಎಳದಾಡ್ಯಾನ. ಆಮ್ಯಾಲ ಸಿಟ್ಟು ಇಳದು ಇಬ್ರೂ ಕೂಡಿ ಉಣ್ಣಾಕತ್ತಾರ. ಕಡೀಗೆ ಲಗ್ನ! ಹೂವು, ದೀಪ, ನಗು... ಎಲ್ಲಾ ಕಥೀನೂ ಹಂಗಾ. ಮದಲ ಹೊಡತ, ಆಮ್ಯಾಲ ಪ್ರೀತಿ. ಹುಡುಗ್ರ ಪುಸ್ತಕ ಸುಳ್ಳು ಹೇಳತೈತೇನು?

ದೊರೆಸಾನಿ ತನ್ನ ಹುಡುಗ್ರಿಗೆ ಈ ಕಥಿ ಹೇಳೋವಾಗ ನೀ ಬಾಜೂಕ ಕುಂತು ಕೇಳೀದಿ. ಹೌದನ್ನು... ಅಲ್ಲ ಅನ್ನು... ಏನರೆ ಅನ್ನಬೇ!

ಏ, ಹೊಳ್ಳಿಸಬ್ಯಾಡ! ಎಡಗಡಿಯಿಂದ ಯಾಕ ತೆಗೀತಿ? ಕೊಡಿಲ್ಲಿ... ಲಗ್ನ... ಊಟ... ಆತು, ನನಗ ಗೊತ್ತೈತಿ... ಜಡಿ... ಕತ್ತಿ... ಸಾಕು! ಆ ಕಡೀ ಪಾನದ ಮ್ಯಾಲೆ ಬಟ್ಟು ಇಡಬ್ಯಾಡ! ನಿನ್ನ ಮಗಳೂ ಹಿಂಗಾ ಬಟ್ಟು ಇಟ್ಟಿದ್ಲು...

ಯಾವಾಗಂದ್ರ... ಇವತ್ತ. ಮುಂಜಾನಿ. ರೊಟ್ಟಿ ಬಡಿಯಾದು ಬಿಟ್ಟು ಎದ್ದು ಬಂದು, ಹಿಟ್ಟಿನ ಕೈಲೆ ಹೊಳ್ಳಿಸಿದ್ಲು. ನಕ್ಕಳು ಯಕ್ಕಾ! "ಉಲ್ಟಾ ಓದೀದಿ ಮಾಮಾ. ನಮ್ಮವ್ವ ಹೇಳ್ಯಾಳ, ರಾಣಿ ಏಳಂಗಿಲ್ಲ. ನಾ ಇನ್ನ ಅವ್ವನ ಮನಿಗೆ ಹೋಗ್ತೀನಿ" ಅಂದ್ಲು. ಓದಿದವನ ಮುಂದ ಓದದಾಕಿ ನಗ್ತಾಳ! ನಗಬ್ಯಾಡಂದೆ. ಮತ್ತ ನಕ್ಕಳು. ಏಳ್ತಾಳ, ತೋರಸ್ತೀನಿ ಬಾ ಅಂದೆ... ಈಳಿಗಿ ಕೈಗೆ ಸಿಕ್ತು.

ಬೈಯಿ ಯಕ್ಕಾ. ಅಳು. ನನ್ನ ಮಾರಿಗೆ ಉಗುಳು. ಕೈ ಮುಗೀತೀನಿ... ಮಾರಿಗೆ ನೀರು ಹೊಡದೀನಿ. ಹೆಸರು ಹಿಡದು ಕರದೀನಿ. ಕಾಲೂ ಹಿಡದೀನಿ, ಗಂಡನಾಗಿ ಅಕಿ ಕಾಲು ಹಿಡದೀನಿ! ಹೊತ್ತು ನೆತ್ತಿ ಮ್ಯಾಲೆ ಬಂತು...

ಇನ್ನಾ ಎದ್ದಿಲ್ಲ ಯಕ್ಕಾ.